ದಫೇದಾರನ ಬಾಣಂತನ

ಕಾಲು ನೀಡಿ ಕೂತ ಹೆಂಗಸಿನ ಎರಡು ಕಾಲುಗಳ ನಡುವೆ ಒಂದು ತಗ್ಗು ಇರುತ್ತದೆ. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವವರು ಮಗುವನ್ನು ಮಲಗಿಸುವುದು ಆ ತಗ್ಗಿನಲ್ಲೇ. ಸಣ್ಣತಾಯಮ್ಮನ ಕಾಲುಗಳ ನಡುವಿನ ತಗ್ಗನ್ನು ನಾನು ಜೀವಮಾನದಲ್ಲಿ ಎರಡು ಸಲ ಹೊಟ್ಟೆ ಉರಿದುಕೊಂಡು ನೋಡಿದ್ದೇನೆ. ಮೊದಲ ಸಲ ಅಲ್ಲಿ ಮಲಗಿದ್ದವಳು ನನ್ನ ಮಗಳು. ಎರಡನೆಯ ಸಲ ನನ್ನ ನಾಯಿ.

ನಗುವವರು ನಗಲಿ. ನನ್ನ ಬಾಯಿ ಮೊದಲಿನಿಂದಲೂ ಜೋರು, ಹೊಟ್ಟೆಕಿಚ್ಚು ಅದಕ್ಕಿಂತ ಜೋರು. ಎರಡನ್ನೂ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಆ ಕಾಲದಲ್ಲಿ ನಾನು ಮನೆಯಲ್ಲೇ ಉದ್ದಿನ ಹಪ್ಪಳ ಲಟ್ಟಿಸಿ ಅಂಗಡಿಗಳಿಗೆ ಕೊಡುತ್ತಿದ್ದೆ. ನಮ್ಮ ಯಜಮಾನರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಬ್ಬಳೇ ಮಗಳು ನೀಲಾ ಮದುವೆಯಾಗಿ ಹೋದ ವರ್ಷ, ಹಿತ್ತಲ ಬೇಲಿಯ ಸಂದಿಯಲ್ಲಿ ತಾಯಿ ಬಿಟ್ಟುಹೋದ ಮರಿಯೊಂದು ಸಿಕ್ಕಿತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿದವಳು ನಾನು. ಅದು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ನನ್ನ ಮುಖ. ಈ ಮಾತನ್ನು ಮನೆಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, ಹೇಳುತ್ತಿದ್ದೆ.

ಬೆಳೆದ ಮೇಲೆ ಅವನಿಗೆ ಕೆಲಸ ಕೊಟ್ಟೆ. ಮಾಳಿಗೆಯ ಮೇಲೆ ಹಳೆಯ ಸೀರೆಗಳನ್ನು ಹಾಸಿ ಹಪ್ಪಳ ಒಣಹಾಕಿದರೆ ಕಾಗೆಗಳು ಸುಮ್ಮನಿರುತ್ತವೆಯೇ? ಸೊಟ್ಟಗಾದ ಅಲ್ಯೂಮಿನಿಯಂ ತಟ್ಟೆಯನ್ನು ಸೌಟಿನಿಂದ ಎರಡು ಸಲ ಬಡಿಯುತ್ತಿದ್ದೆ. ಮನೆಯ ಯಾವ ಮೂಲೆಯಲ್ಲಿದ್ದರೂ ಅವನು ಹಿತ್ತಲಿನ ಹದಿನಾರು ಮೆಟ್ಟಿಲು ಹಾರಿಕೊಂಡು ಬಂದು ಸೀರೆಗಳ ಸುತ್ತ ಗಸ್ತು ಹೊಡೆಯುತ್ತಿದ್ದ. ಒಂದು ಹಪ್ಪಳವನ್ನೂ ತುಳಿದವನಲ್ಲ. ಅದಕ್ಕೇ ಯಜಮಾನರು ದಫೇದಾರ ಎಂದು ಹೆಸರಿಟ್ಟರು. ಅವರು ಕರೆದರೆ ಬಾಲ ಆಡಿಸುತ್ತಿದ್ದ, ಅಷ್ಟೆ. ನಾನು ತಟ್ಟೆ ಬಡಿದರೆ ಅನ್ನದ ಬೋಗುಣಿ ಬಿಟ್ಟು ಬರುತ್ತಿದ್ದ.

ಮೂರನೆಯ ವರ್ಷ ಅವನು ಮೆಟ್ಟಿಲ ನಡುವೆ ನಿಂತುಬಿಡಲು ಶುರುಮಾಡಿದ. ಹಿಂದಿನ ಎಡಗಾಲನ್ನು ಎತ್ತಿ ಒದರಿ, ಮೂರೇ ಕಾಲಿನಲ್ಲಿ ಕುಪ್ಪಳಿಸಿ ಹತ್ತುತ್ತಿದ್ದ. ದನದ ಆಸ್ಪತ್ರೆಯ ಡಾಕ್ಟರು ಫಿಲೋಮಿನಾ ಅವನ ಮಂಡಿಯನ್ನು ಬೆರಳಲ್ಲಿ ಒತ್ತಿ ನೋಡಿದರು.

"ಮಂಡಿಚಿಪ್ಪು ಕೂರೋಕೆ ಮೂಳೆಯಲ್ಲಿ ಒಂದು ತಗ್ಗು ಇರಬೇಕು," ಎಂದರು. "ಇವನಿಗೆ ಹುಟ್ಟಿನಿಂದ್ಲೇ ಅದು ಆಳವಾಗಿಲ್ಲ. ಅದಕ್ಕೇ ಚಿಪ್ಪು ಪಕ್ಕಕ್ಕೆ ಜಾರುತ್ತೆ. ಕೊರೆದು, ತಗ್ಗು ಮಾಡಿ ಕೂರಿಸಬೇಕು."

ಆಪರೇಷನ್ ದಿನ ಮತ್ತಿನ ಸೂಜಿ ಚುಚ್ಚುವಾಗ ಅವನ ಬಾಯಿಯನ್ನು ಗಟ್ಟಿಯಾಗಿ ಹಿಡಿದವಳು ನಾನೇ. ಯಜಮಾನರು ರಕ್ತ ಕಂಡರೆ ಬೀಳುವ ಜಾತಿ. ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಎಲ್ಲ ಮುಗಿದ ಮೇಲೆ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದು, "ನನ್ನ ಅರ್ಧ ಕೆಲಸ ಮುಗೀತು, ಉಳಿದರ್ಧ ನಿಮ್ಮದು," ಎಂದರು. ಎಂಟು ವಾರ ಹಾರಬಾರದು, ಮೆಟ್ಟಿಲು ಹತ್ತಬಾರದು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದ ಮೇಲೆ ದಿನಕ್ಕೆ ಮೂರು ಸಲ ಬಿಸಿಬಟ್ಟೆಯ ಶಾಖ ಕೊಟ್ಟು, ಪ್ರತಿ ಸಲ ಹದಿನೈದು ಬಾರಿ ಕಾಲು ಮಡಿಸಿ ಬಿಡಿಸಬೇಕು. "ಹಾರಿದರೆ ಒಳಗಿನ ಪಿನ್ನು ಜರುಗುತ್ತೆ. ಮಡಿಸದೇ ಬಿಟ್ಟರೆ ಮಂಡಿ ಕಟ್ಟಿಕೊಂಡು ಕೋಲಾಗುತ್ತೆ. ಎರಡರಲ್ಲಿ ಯಾವುದೇ ಆದರೂ ಮತ್ತೆ ಸರಿಮಾಡೋಕೆ ನನ್ನ ಕೈಲಾಗಲ್ಲ, ನೋಡಿ."

ನಡುಮನೆಯಲ್ಲಿ ಹಪ್ಪಳದ ಹಲಗೆಗಳನ್ನು ಅಡ್ಡ ನಿಲ್ಲಿಸಿ ಅವನಿಗೊಂದು ದೊಡ್ಡಿ ಮಾಡಿದೆವು. ಗಾಯ ನೆಕ್ಕದಂತೆ ಕೊರಳಿಗೆ ಏನಾದರೂ ಕಟ್ಟಬೇಕಿತ್ತು. ಯಜಮಾನರು ತಮ್ಮದೇ ಎದೆಯ ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ, ಕೊಳವೆಯಂತೆ ಸುತ್ತಿ ಹೊಲಿದರು. ಗಂಡನ ಪಕ್ಕೆಲುಬುಗಳನ್ನು ಕೊರಳಿಗೆ ಹಾಕಿಕೊಂಡು ನಾಯಿ ನನ್ನನ್ನೇ ನೋಡುತ್ತಿತ್ತು. ತಟ್ಟೆಯ ಸದ್ದು ಕೇಳಿದರೆ ಎಲ್ಲಿ ಹಾರುತ್ತಾನೋ ಎಂದು ನಾನು ಮಾಳಿಗೆಯ ಮೇಲೆ ಸೆರಗು ಬೀಸಿಯೇ ಕಾಗೆ ಓಡಿಸುತ್ತಿದ್ದೆ.

ಹೊಲಿಗೆ ಬಿಚ್ಚಿದ ಮರುದಿನ ಬಿಸಿಬಟ್ಟೆ ಹಿಡಿದು ಅವನ ಮೇಲೆ ಬಾಗಿದೆ. ಗುರ್ ಎಂದ.

ನನಗೆ. ಬತ್ತಿಯಲ್ಲಿ ಹಾಲು ಕುಡಿಸಿದ ನನಗೆ. ಮತ್ತೆ ಬಾಗಿದೆ, ಹಲ್ಲು ತೋರಿಸಿದ. ಯಜಮಾನರಿಗೂ ಹಾಗೇ ಮಾಡಿದ, ಆದರೆ ಅದು ನನಗೆ ಮುಖ್ಯವಾಗಲಿಲ್ಲ. ಮೂರು ದಿನ ಹೀಗೇ ಕಳೆಯಿತು. ಕಾಲನ್ನು ಅವನು ನೆಲಕ್ಕೇ ತಾಗಿಸದೆ ನೆಟ್ಟಗೆ ಹಿಡಿದುಕೊಂಡಿದ್ದ. ನಾಲ್ಕನೆಯ ದಿನ ಯಜಮಾನರು ಶಾಲೆಯಿಂದ ಬರುವಾಗ ಹಿಂದೆ ಸಣ್ಣತಾಯಮ್ಮ ಬಂದಳು.

ಊರೆಲ್ಲ ಬಿಟ್ಟು ಇವಳೇ ಬೇಕಿತ್ತೇ ಎಂದುಕೊಂಡೆ. ಇಪ್ಪತ್ತೆರಡು ವರ್ಷದ ಹಿಂದೆ ನೀಲಾ ಹುಟ್ಟಿದಾಗ ಎಣ್ಣೆ ನೀರು ಹಾಕಲು ಬರುತ್ತಿದ್ದವಳು ಇದೇ ಸಣ್ಣತಾಯಮ್ಮ. ನನಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಇವಳೇ ಗತಿ. ನನ್ನ ಕೈಯಲ್ಲಿ ಕಿರುಚುತ್ತಿದ್ದ ಮಗು ಅವಳ ಕಾಲುಗಳ ತಗ್ಗಿಗೆ ಬಿದ್ದೊಡನೆ ಸುಮ್ಮನಾಗುತ್ತಿತ್ತು. "ಬಾರವ್ವ, ಪಕ್ಕದಲ್ಲಿ ಕೂತ್ಕೊ, ಕಲ್ತ್ಕೊ," ಎಂದು ಅವಳು ಕರೆದರೆ ನಾನು ಒಲೆಯ ನೆಪ ಹೇಳುತ್ತಿದ್ದೆ. ಎರಡನೆಯ ತಿಂಗಳಲ್ಲಿ ನೀಲಾ ಮೊದಲ ಸಲ ನಕ್ಕಳು. ಆ ಕಾಲುಗಳ ನಡುವೆ ಮಲಗಿ, ಸಣ್ಣತಾಯಮ್ಮನ ಮುಖ ನೋಡಿ ನಕ್ಕಳು. ಮರುದಿನವೇ ನಾನು, "ಮಗುವಿಗೆ ನೆಗಡಿ, ಇನ್ನು ಬರಬೇಡ," ಎಂದು ಬಾಗಿಲಲ್ಲೇ ಹೇಳಿ ಕಳಿಸಿದೆ. ನೆಗಡಿಯೂ ಇರಲಿಲ್ಲ, ಏನೂ ಇರಲಿಲ್ಲ.

ನಮ್ಮ ಊರಲ್ಲಿ ಒಂದು ಪದ್ಧತಿ ಇತ್ತು. ಬಾಣಂತನದ ಕೊನೆಯ ದಿನ ಮಗುವಿನ ತಾಯಿ ತಾನೇ ಚೊಂಬಿನಲ್ಲಿ ನೀರು ತಂದು, ಕೂಸಿಗೆ ನೀರು ಹಾಕಿದವಳ ಎರಡೂ ಕೈಗೆ ಎರೆಯಬೇಕು. ಆಮೇಲೆ ಸೀರೆ ಕುಪ್ಪಸ ಕೊಟ್ಟು ಕಳಿಸಬೇಕು. ಕೈಗೆ ನೀರು ಬೀಳುವ ತನಕ ಮಗು ಅವಳ ಮಡಿಲಲ್ಲೇ ಇದೆ ಎಂದು ಅರ್ಥ. ಊರಿನ ಅರ್ಧ ಮಕ್ಕಳು ಸಣ್ಣತಾಯಮ್ಮನ ಕಾಲ ಮೇಲೆ ಬೆಳೆದವರೇ. ಅವರ ತಾಯಂದಿರೆಲ್ಲ ನೀರು ಎರೆದು ಮಕ್ಕಳನ್ನು ವಾಪಸು ತೆಗೆದುಕೊಂಡಿದ್ದರು. ನಾನು ಮಾತ್ರ ಸೀರೆಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದೆ. ಕೈಗೆ ನೀರು ಹಾಕಲಿಲ್ಲ. ಅವಳೂ ಆಮೇಲೆ ಎದುರಿಗೆ ಸಿಕ್ಕಾಗ, "ಕೂಸು ಸೆಂದಾಕೈತಾ?" ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದಳು.

ಈಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂದಿನ ಜಗಲಿಯಲ್ಲಿ ಗೋಡೆಗೆ ಒರಗಿ, ಸೀರೆಯನ್ನು ಮಂಡಿಯವರೆಗೆ ಎತ್ತಿ, ಕಾಲು ನೀಡಿ ಕೂತಳು. "ಇಲ್ಲಿಗ್ ತನ್ನಿ ಮೇಷ್ಟ್ರೆ," ಎಂದಳು.

"ಕಚ್ಚುತ್ತಾನೆ," ಎಂದೆ ನಾನು. ಕಚ್ಚಲಿ ಎಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಯಜಮಾನರು ಹಾಸಿಗೆಯ ಸಮೇತ ಎತ್ತಿ ತಂದು ಅವಳ ಕಾಲುಗಳ ಮೇಲೆ ಇಳಿಸಿದರು. ದಫೇದಾರ ಒಮ್ಮೆ ಗುರುಗುಟ್ಟಿದ. ಅವಳು ಕೈ ಆಡಿಸಲಿಲ್ಲ, ಕಾಲು ಅಲ್ಲಾಡಿಸಲಿಲ್ಲ. "ಯಾಕ್ ಮಗ, ಮಂಡಿ ನೋಯ್ತದಾ? ನಂಗೂ ನೋಯ್ತದೆ ಬುಡು," ಎಂದಳು. ಸ್ವಲ್ಪ ಹೊತ್ತಿಗೆ ಅವನು ಮೂಗಿನಿಂದ ದೊಡ್ಡದಾಗಿ ಉಸಿರುಬಿಟ್ಟು ಆ ತಗ್ಗಿನಲ್ಲಿ ಇಳಿದು ಮಲಗಿದ. ಇಪ್ಪತ್ತೆರಡು ವರ್ಷದ ಹಿಂದಿನ ಅದೇ ಉರಿ ನನ್ನ ಹೊಟ್ಟೆಯಲ್ಲಿ ಎದ್ದಿತು.

ಅವಳು ಹದಿನೈದನ್ನು ಅಂಕಿಯಲ್ಲಿ ಎಣಿಸುತ್ತಿರಲಿಲ್ಲ. ಕೂಸುಗಳ ಕೈಕಾಲು ಮಡಿಸುವಾಗ ಮಾಡುವಂತೆ ಒಂದೊಂದು ಮಡಿಕೆಯನ್ನೂ ಒಬ್ಬೊಬ್ಬರ ಹೆಸರಿಗೆ ಕೊಡುತ್ತಿದ್ದಳು. "ಇದು ಮೇಷ್ಟ್ರಿಗೆ. ಇದು ನೀಲವ್ವಂಗೆ. ಇದು ಮಾಳಿಗೆ ಮೆಟ್ಲಿಗೆ. ಇದು ಕಳ್ ಕಾಗೆಗೆ. ಇದು ಸೂಜಿ ಚುಚ್ಚಿದ್ ಡಾಕುಟ್ರಮ್ಮಂಗೆ." ನಾನು ಬಾಗಿಲ ಸಂದಿಯಲ್ಲಿ ನಿಂತು ನನ್ನ ಹೆಸರು ಬರುತ್ತದೆಯೇ ಎಂದು ಕಾಯುತ್ತಿದ್ದೆ. ಬೀದಿಯ ಹಾಲಿನವನಿಗೆ ಒಂದು ಮಡಿಕೆ ಸಿಕ್ಕಿತು, ಪಕ್ಕದ ಮನೆಯ ಬೆಕ್ಕಿಗೆ ಸಿಕ್ಕಿತು. ಹತ್ತಾಗುವಷ್ಟರಲ್ಲಿ ನನ್ನ ತಾಳ್ಮೆ ಮುಗಿದು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ದಿನ ಕಳೆದಂತೆ ಕಾಲು ಬಗ್ಗಿತು. ಒಂದು ವಾರಕ್ಕೆ ಬೆರಳು ನೆಲಕ್ಕೆ ತಾಗಿತು, ಎರಡು ವಾರಕ್ಕೆ ಪಾದ ಊರಿದ. ಯಜಮಾನರು ಹಿಗ್ಗಿದರು. ಬೀದಿಯ ಹೆಂಗಸರು, "ಏನ್ರೀ, ನಾಯಿಗೂ ಬಾಣಂತನವಂತೆ, ಬಾಣಂತಿ ಖಾರ ಯಾವಾಗ ಮಾಡ್ತೀರಿ?" ಎಂದು ಹಾಸ್ಯ ಮಾಡಿದರು. ನನಗೆ ನಗು ಬರಲಿಲ್ಲ. ಹಿತ್ತಲ ಬಾಗಿಲ ಅಗುಳಿ ಸದ್ದಾದರೆ ಅವನ ಬಾಲ ಹಲಗೆಗೆ ಬಡಿಯುತ್ತಿತ್ತು. ಅವಳಿಗೆ ಎಂಟು ಹತ್ತು ಬಡಿತ. ನಾನು ಅನ್ನ ತಂದಿಟ್ಟರೆ ಮೂರು. ಅಷ್ಟು ದೊಡ್ಡ ಹೆಂಗಸು ನಾನು, ನಾಯಿಯ ಬಾಲ ಎಣಿಸುತ್ತ ನಿಂತಿದ್ದೆ.

ಅವಳು ಬರಲು ಶುರುಮಾಡಿ ಹದಿನೆಂಟನೆಯ ದಿನ. ಬೆಳಗಿನ ಬಿಸಿಲು ಚೆನ್ನಾಗಿತ್ತು. ನಾನು ಮಾಳಿಗೆಯ ಮೇಲೆ ಹಪ್ಪಳ ಹರಡುತ್ತಿದ್ದೆ. ಕೆಳಗೆ ಜಗಲಿಯಲ್ಲಿ ಅವಳು ಅವನನ್ನು ಕಾಲ ಮೇಲೆ ಹಾಕಿಕೊಂಡು ಯಾವುದೋ ಹಾಡು ಗುನುಗುತ್ತಿದ್ದಳು. ಬಗ್ಗಿ ನೋಡಿದೆ. ಅವನು ಅಂಗಾತ ಮಲಗಿ, ನಾಲ್ಕೂ ಕಾಲು ಸಡಿಲ ಬಿಟ್ಟು, ಅವಳ ಮುಖವನ್ನೇ ನೋಡುತ್ತಿದ್ದ. ನನಗೆ ಅವನು ಎಂದೂ ಹೊಟ್ಟೆ ತೋರಿಸಿ ಮಲಗಿದವನಲ್ಲ.

ಗೋಡೆಯ ಮೂಲೆಯಲ್ಲಿ ತಟ್ಟೆ ಇತ್ತು. ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. ಸೌಟು ತೆಗೆದುಕೊಂಡು ಎರಡು ಸಲ ಬಡಿದೆ.

ಬಂದ. ಅವಳ ಕಾಲಿಂದ ಚಿಮ್ಮಿ, ಜಗಲಿಯಿಂದ ಹಾರಿ, ಮೆಟ್ಟಿಲಿಗೆ ಬಂದ. ಒಂದು, ಎರಡು, ಮೂರು ಮೆಟ್ಟಿಲು. ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದ. ಆ ಮೂರು ಮೆಟ್ಟಿಲಷ್ಟು ಹೊತ್ತು ನಾನು ಸುಖಪಟ್ಟೆ. ಇದನ್ನು ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ ಏನು ಪ್ರಯೋಜನ? ನಾಲ್ಕನೆಯ ಮೆಟ್ಟಿಲಲ್ಲಿ ಎಡಗಾಲು ಮಡಿಸಿಕೊಂಡಿತು. ಅವನು ಕೂಗಿದ ಕೂಗಿಗೆ ಬೀದಿಯವರೆಲ್ಲ ಹೊರಗೆ ಬಂದರು.

ಶಾಲೆಗೆ ಹೇಳಿಕಳಿಸಿ ಯಜಮಾನರನ್ನು ಕರೆಸಿದರು. ನಾನು ಬಾಯಿ ತೆರೆಯುವ ಮೊದಲೇ ಸಣ್ಣತಾಯಮ್ಮ, "ನನ್ ಕೈ ಜಾರ್ತು ಮೇಷ್ಟ್ರೆ. ಎಣ್ಣೆ ಕೈ," ಎಂದಳು.

ಯಾವತ್ತೂ ಒಂದು ಗಟ್ಟಿ ಮಾತು ಆಡದ ಮನುಷ್ಯ ಅವತ್ತು ಸಿಟ್ಟಾದರು. "ಜೋಪಾನವಾಗಿ ಹಿಡಿಯೋಕಾಗದಿದ್ದರೆ ಯಾಕಮ್ಮ ಬರ್ತಿದ್ದೆ? ಇನ್ನು ಬೇಡ, ಹೋಗು," ಎಂದರು. ಅವಳು ಎಣ್ಣೆಯ ಬಟ್ಟಲನ್ನು ಗೋಡೆ ಪಕ್ಕಕ್ಕೆ ಸರಿಸಿಟ್ಟು ಹೋದಳು. ನಾನು ನಿಂತೇ ಇದ್ದೆ. ಜೋರು ಬಾಯಿ ಎಂದು ಊರಿಗೆಲ್ಲ ಹೆಸರಾದವಳು, ಒಂದು ಮಾತು ಆಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ನಾಯಿಯನ್ನು ಆಸ್ಪತ್ರೆಗೆ ಒಯ್ದೊಡನೆ ಮಾಳಿಗೆಗೆ ಓಡಿ ತಟ್ಟೆಯನ್ನು ತಂದು ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟೆ.

ಪಿನ್ನು ಜರುಗಿರಲಿಲ್ಲ. ಪುಣ್ಯ ಎಂದರಂತೆ ಡಾಕ್ಟರು. ಊತ ಇಳಿಯಲು ನಾಲ್ಕು ದಿನ ಮುಟ್ಟಬೇಡಿ, ಆಮೇಲೆ ಮಡಿಸಲೇಬೇಕು, ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಐದನೆಯ ದಿನ ಯಜಮಾನರು ಹೋದರೆ ಗುರ್ ಎಂದ. ನಾನು ಹೋದರೆ ಹಲ್ಲು. ಆರನೆಯ ದಿನವೂ ಅದೇ. ಕಾಲು ಮತ್ತೆ ನೆಟ್ಟಗೆ ನಿಂತಿತ್ತು, ಡಾಕ್ಟರು ಹೇಳಿದ ಕೋಲಿನ ಹಾಗೆ. ಅಗುಳಿ ಸದ್ದಾದಾಗಲೆಲ್ಲ ಬಾಲ ಎರಡು ಸಲ ಬಡಿದು ನಿಲ್ಲುತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ಯಜಮಾನರು ಮಕ್ಕಳ ಚಿತ್ರಗಳನ್ನು ತಿದ್ದುತ್ತಿದ್ದಾಗ ಹೋಗಿ ಎದುರಿಗೆ ನಿಂತೆ.

"ರೀ, ಅವತ್ತು ತಟ್ಟೆ ಬಡಿದದ್ದು ನಾನು."

"ಕಾಗೆ ಬಂದಿತ್ತಾ?"

"ಇಲ್ಲ."

ಅವರು ಪೆನ್ಸಿಲ್ ಕೆಳಗಿಟ್ಟರು. "ನಾಯಿಯ ಕಾಲನ್ನು ಪಣಕ್ಕಿಟ್ಟು ಪಂದ್ಯ ಆಡಿದೆಯಲ್ಲೇ," ಎಂದರು. "ಗೆದ್ದೆಯಾ?"

ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸಣ್ಣತಾಯಮ್ಮ ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಮೊರ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿಗೋ ಹೋಯಿತು. "ನಿನ್ನ ಕೈ ಜಾರಲಿಲ್ಲ. ನಾನು ಬೇಕೂಂತ ತಟ್ಟೆ ಬಡಿದೆ," ಎಂದೆ.

"ಗೊತ್ತು ಕನವ್ವ. ನಂಗೇನ್ ಕಿವಿ ಕೇಳಕಿಲ್ವಾ?"

"ಗೊತ್ತಿದ್ದೂ ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

"ನಾನು ಹೊರಗ್ನೋಳು. ಬೈಸ್ಕಂಡು ಎದ್ದೋಯ್ತೀನಿ. ನೀನು ಎಲ್ಲಿಗ್ ಹೋದೀಯೆ?" ಎಂದು ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ಅದ್ಕೆ ಅನ್ನ ಇಕ್ಕೋ ಕೈ ನಿಂದು. ಆ ಕೈ ಮ್ಯಾಲೆ ಮನೇಲಿ ಸಿಟ್ಟಾದ್ರೆ ಮೂಗ್ ಜೀವಕ್ಕೆ ಏನ್ ಬಂತು?"

ನಾನು ಅತ್ತೆ. ಬೀದಿಯಲ್ಲಿ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ಅವರೆಕಾಯಿ ಮುಗಿಸಿ, ಕೈ ತೊಳೆದು, "ನಡಿ, ಕಾಲು ಕಟ್ಕಂಡಾತು," ಎಂದಳು.

ಆದರೆ ಜಗಲಿಗೆ ಬಂದ ಮೇಲೆ ಅವಳು ಕೂರಲಿಲ್ಲ. "ನೀ ಕೂತ್ಕೊ," ಎಂದಳು ನನಗೆ.

"ನನಗೆ ಗುರ್ ಅಂತಾನೆ."

"ಅನ್ನದೆ ಏನ್ ಮಾಡ್ತದೆ? ಬಟ್ಟೆ ಹಿಡ್ಕಂಡು ಮ್ಯಾಲಿಂದ ಬಗ್ಗೀಯೆ. ಸೂಜಿ ಚುಚ್ಚಿದಾಗ್ಲೂ ನೀನು ಹಂಗೇ ಬಗ್ಗಿದ್ದಂತೆ, ಮೇಷ್ಟ್ರು ಹೇಳುದ್ರು. ನೆಲಕ್ಕೆ ಕೂತ್ಕೊ, ಕಾಲ್ ನೀಡು. ಅದ್ಕಿಂತ ಕೆಳಗಾಗು."

ಸೀರೆ ಎತ್ತಿ ಕಟ್ಟಿ, ಗೋಡೆಗೆ ಒರಗಿ, ಕಾಲು ನೀಡಿ ಕೂತೆ. ಯಜಮಾನರು ದಫೇದಾರನನ್ನು ತಂದು ನನ್ನ ಕಾಲ ಮೇಲೆ ಇಳಿಸಿದರು. ಗುರುಗುಟ್ಟಿದ. ನನಗೆ ಎದ್ದುಬಿಡೋಣ ಎನ್ನಿಸಿತು. ಸಣ್ಣತಾಯಮ್ಮ ಪಕ್ಕದಲ್ಲಿ ಕೂತು, ನನ್ನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಸುಮ್ಮನೆ ಹಿಡಿದುಕೊಂಡಳು. ಎಷ್ಟು ಹೊತ್ತೋ ತಿಳಿಯದು. ಅವನ ಬೆನ್ನು ನನ್ನ ಮೊಣಕಾಲುಗಳ ನಡುವೆ ನಿಧಾನವಾಗಿ ಇಳಿಯಿತು. ಆ ಭಾರ ಎಂಥದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ; ನನ್ನ ಸ್ವಂತ ಮಗಳನ್ನೂ ನಾನು ಹಾಗೆ ಮಲಗಿಸಿಕೊಂಡಿರಲಿಲ್ಲ.

"ಇದು ಮೇಷ್ಟ್ರಿಗೆ," ಎಂದಳು ಸಣ್ಣತಾಯಮ್ಮ. ನಾವಿಬ್ಬರೂ ಸೇರಿ ಕಾಲು ಮಡಿಸಿದೆವು. "ಇದು ನೀಲವ್ವಂಗೆ. ಇದು ಮಾಳಿಗೆ ಮೆಟ್ಲಿಗೆ." ಕಾಗೆ ಬಂತು, ಡಾಕ್ಟರು ಬಂದರು, ಹಾಲಿನವನು ಬಂದ, ಬೆಕ್ಕು ಬಂತು. ನಾನು ಹತ್ತರ ಆಚೆಗೆ ಎಂದೂ ಕೇಳಿರಲಿಲ್ಲ. ಹದಿನೈದನೆಯ ಮಡಿಕೆಗೆ ಅವಳು ಗದ್ದದಿಂದ ನನ್ನನ್ನು ತೋರಿಸಿ, "ಇದು ಸಾಕ್ದೋಳ್ಗೆ," ಎಂದಳು.

"ಇವತ್ತು ಸೇರಿಸಿದೆಯಾ?" ಎಂದೆ.

"ಮೊದಲ್ನೇ ದಿನದಿಂದ ಅಂತಿದ್ದೆ. ಕೊನೇದು ಯಾವಾಗ್ಲೂ ಅವ್ವಂದೇ. ನೀಲವ್ವಂಗೂ ಹಂಗೇ ಅಂತಿದ್ದೆ. ನಿಂತ್ ಕೇಳಿದ್ರೆ ತಾನೆ?"

ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಲ ನಾನೇ ಕೂತೆ. ಮೊದಮೊದಲು ಅವಳ ಕೈ ನನ್ನ ಕೈ ಮೇಲಿತ್ತು, ಆಮೇಲೆ ಅವಳು ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಯಜಮಾನರು ಅವಳ ಮುಂದೆ ನಿಂತು ತಪ್ಪಾಯಿತು ಎಂದಾಗ, "ಬುಡಿ ಮೇಷ್ಟ್ರೆ, ನೀವು ಬೈಯಾಕೂ ಬರ್ತದೆ ಅಂತ ಗೊತ್ತಾತು," ಎಂದಳು. ಅವಳು ಬಂದಾಗ ಬಾಲದ ಬಡಿತ ಕಡಿಮೆಯೇನೂ ಆಗಲಿಲ್ಲ. ಎಣಿಸುವುದನ್ನು ನಾನು ನಿಲ್ಲಿಸಿದೆ ಎಂದರೆ ಅದು ಸುಳ್ಳು, ಕಡಿಮೆ ಎಣಿಸಿದೆ.

ಹತ್ತನೆಯ ವಾರ ಡಾಕ್ಟರು ಫಿಲೋಮಿನಾ ಆಸ್ಪತ್ರೆಯ ಅಂಗಳದಲ್ಲಿ ಅವನನ್ನು ನಡೆಸಿ, ಓಡಿಸಿ, ಮಂಡಿ ಒತ್ತಿ ನೋಡಿ, "ಚಿಪ್ಪು ಚೆನ್ನಾಗಿ ಕೂತಿದೆ. ಇನ್ನು ಬಿಟ್ಟುಬಿಡಿ," ಎಂದರು. ಮೋಡ ಕವಿದ ದಿನ ಒಂದಿಷ್ಟು ಕುಂಟುತ್ತಾನೆ, ಅದು ಇರುತ್ತೆ ಎಂದೂ ಹೇಳಿದರು. ಆ ಕುಂಟು ಯಾರ ಕೊಡುಗೆ ಎಂದು ನಾನು ಕೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಸಣ್ಣತಾಯಮ್ಮನನ್ನು ಊಟಕ್ಕೆ ಕರೆದೆ. ಊಟವಾದ ಮೇಲೆ ಜಗಲಿಯಲ್ಲಿ ಕೂರಿಸಿ, ತಟ್ಟೆಯಲ್ಲಿ ಸೀರೆ ಕುಪ್ಪಸ ಎಲೆಅಡಿಕೆ ಇಟ್ಟು ತಂದೆ. ಅದೇ ಸೊಟ್ಟ ತಟ್ಟೆ. ಅವಳು ಅದನ್ನು ನೋಡಿ ನನ್ನ ಮುಖ ನೋಡಿದಳು. ಚೊಂಬಿನ ತುಂಬ ನೀರು ತಂದು, "ಕೈ ಹಿಡಿ," ಎಂದೆ.

"ನಾಯ್ಗೂ ಉಂಟೇನವ್ವ ಇದು?" ಎಂದು ನಗುತ್ತ ಎರಡೂ ಕೈ ಚಾಚಿದಳು. ಎರೆದೆ. ನೀರು ಬೆರಳುಗಳ ಸಂದಿಯಿಂದ ಜಗಲಿಯ ಕೆಳಗಿನ ಮಣ್ಣಿಗೆ ಬಿತ್ತು.

"ಆತು. ಇನ್ನು ಇವ ನಿನ್ನೋನು ಕನವ್ವ."

ಚೊಂಬಿನಲ್ಲಿ ಅರ್ಧ ನೀರು ಉಳಿದಿತ್ತು. ಇಪ್ಪತ್ತೆರಡು ವರ್ಷ ಆಡದೆ ಇದ್ದ ಮಾತನ್ನು ಆಡಿಬಿಟ್ಟೆ. "ಸಣ್ಣತಾಯಮ್ಮ, ಇನ್ನೊಂದ್ಸಲ ಕೈ ಹಿಡಿ. ನೀಲಂದೂ ಹಾಕಿಬಿಡ್ತೀನಿ. ಅವತ್ತು ನಾನು ಹಾಕಲಿಲ್ಲ."

ಅವಳ ನಗು ನಿಂತಿತು. ಒದ್ದೆ ಕೈಗಳೆರಡನ್ನೂ ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ ಕನವ್ವ," ಎಂದಳು. "ಎಲ್ರೂ ಹಾಕುದ್ರು. ಅದೊಂದ್ ಇರ್ಲಿ ಬುಡು."

ಚೊಂಬು ಕೈಯಲ್ಲೇ ಇತ್ತು, ಎರೆದುಬಿಡಬಹುದಿತ್ತು. ಕೆಳಗಿಟ್ಟೆ. ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕಾಲು ನೀಡಿ ಕೂತೆ. ಹಿತ್ತಲಿನಿಂದ ದಫೇದಾರ ನಾಲ್ಕೂ ಕಾಲು ಊರಿಕೊಂಡು ಬಂದ, ನಮ್ಮಿಬ್ಬರ ಕಾಲುಗಳನ್ನೂ ಮೂಸಿ ನೋಡಿದ, ಆಮೇಲೆ ಚೊಂಬಿಗೆ ಮೂತಿ ಹಾಕಿ ಉಳಿದ ನೀರನ್ನೆಲ್ಲ ಕುಡಿದ.